ಮಗ್ಗದ ಕುಣಿ ಮೇಲಿನ ಮಷಿನ್ನು

ಯಾವ ಮನೆಗೆ ಅಳುಮೋರೆ ಹೊತ್ತುಕೊಂಡು ಹೋಗುತ್ತೇನೋ ಆ ಮನೆಯಲ್ಲೇ ನನಗೆ ನಗು ಬರುವಂಥದ್ದು ಏನಾದರೊಂದು ನಡೆಯುತ್ತದೆ. ಕಳೆದ ಎರಡು ತಿಂಗಳಲ್ಲಂತೂ ದಿನಕ್ಕೊಂದರಂತೆ ನಡೆದವು. ಗಂಡ ತೀರಿಕೊಂಡು ಒಂದೂವರೆ ವರ್ಷವಾದ ಹೆಂಗಸು ಸ್ಕೂಟಿ ಮೇಲೆ ಒಬ್ಬಳೇ ನಗುತ್ತ ಹೋದರೆ ಇಳಕಲ್ಲಿನ ಜನ ಏನನ್ನುತ್ತಾರೆಂದು ನನಗೆ ಗೊತ್ತಿಲ್ಲದ್ದೇನಲ್ಲ. ಅದಕ್ಕೇ ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡು ನಕ್ಕೆ. ಅಳುವುದಕ್ಕೂ ಅದೇ ಗಾಜು ಅನುಕೂಲವಾಯಿತು.

ನಮ್ಮ ಮನೆಯವರು ಇಳಕಲ್ಲು, ಹುನಗುಂದಗಳಲ್ಲಿ ಮೊದಲು ಕೇಬಲ್, ಆಮೇಲೆ ನೆಟ್ ಕೊಡುತ್ತಿದ್ದರು. ಜನ ಟಿವಿಗೆ ಅಂಗೈ ಅಗಲದ ಬಾಕ್ಸ್ ಸಿಕ್ಕಿಸಿಕೊಂಡು ಧಾರಾವಾಹಿ, ಭಜನೆ, ಕ್ರಿಕೆಟ್ ಎಲ್ಲವನ್ನೂ ನೆಟ್ಟಿನಲ್ಲೇ ನೋಡಲು ಶುರು ಮಾಡಿದಾಗ ಅವರು ನಮ್ಮ ಪಡಸಾಲೆಯಲ್ಲಿ ಒಂದು ಕಂಪ್ಯೂಟರ್ ತಂದಿಟ್ಟರು. ಅದಕ್ಕೆ ಮನೆಯಲ್ಲಿ ಮಷಿನ್ನು ಎಂದೇ ಹೆಸರು. ಅದು ಏನು ಮಾಡುತ್ತದೆ ಎಂದು ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟು. "ಊರಿಗೆ ಹೊಸಬ ಬಂದು, ಯಾರದರ ಹೆಸರು ಹೇಳಿ, ಅವರ ಮನಿ ಎಲ್ಲಿ ಅಂತ ಚಾದಂಗಡ್ಯಾಗ ಕೇಳ್ತಾನಿಲ್ಲ? ಹಂಗ ಟಿವಿ ಬಾಕ್ಸಿಗೂ ಹೆಸರಷ್ಟ ಗೊತ್ತಿರತೈತಿ, ಮನಿ ಗೊತ್ತಿರೂದಿಲ್ಲ. ಅದು ಕೇಳತೈತಿ, ನಮ್ಮ ಮಷಿನ್ ಮನಿ ತೋರಸತೈತಿ." ಇದಕ್ಕೆ ಡಿಎನ್‌ಎಸ್ ಎನ್ನುತ್ತಾರಂತೆ. ಒಂದೊಂದು ಮನೆಗೂ ಹೋಗಿ, ಟಿವಿ ಬಾಕ್ಸಿನ ಸೆಟ್ಟಿಂಗ್ಸ್ ತೆರೆದು, ರಿಮೋಟಿನಿಂದ ಒಂದೊಂದೇ ಅಂಕಿ ಒತ್ತಿ, ನಮ್ಮ ಮಷಿನ್ನಿನ ನಂಬರನ್ನು ಬರೆದು ಬಂದಿದ್ದರು. ಆ ನಂಬರಿನ ಕೊನೆಗೆ ನೂರಾ ಒಂದು.

ಒಂದು ಮಧ್ಯಾಹ್ನ ಕಂಬದಿಂದ ಇಳಿದು, ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ನೆಟ್ಟಿನ ಲೈನನ್ನು ಬಾಗಲಕೋಟೆಯ ಒಬ್ಬರಿಗೆ ಒಪ್ಪಿಸಿ, ಜನರ ದೂರು ಕೇಳುವ ಕೆಲಸವನ್ನಷ್ಟೇ ನಾನು ಇಟ್ಟುಕೊಂಡೆ. ಮಷಿನ್ನನ್ನು ಮಾತ್ರ ಯಾರಿಗೂ ಕೊಡಲಿಲ್ಲ. ಅವರು ಹೋದ ಮೇಲೂ ಊರಿನ ಟಿವಿಗಳು ಕೇಳುತ್ತಲೇ ಇದ್ದವು, ಅದು ಮನೆ ತೋರಿಸುತ್ತಲೇ ಇತ್ತು. ಸಂಜೆ ನಾನು ಟಿವಿ ಹಚ್ಚಿ ಚಿತ್ರ ಮೂಡಿದಾಗಲೆಲ್ಲ, ನೋಡು, ಇವತ್ತೂ ನನಗೆ ಅವರೇ ತೋರಿಸಿಕೊಟ್ಟರು ಎಂದುಕೊಳ್ಳುತ್ತಿದ್ದೆ. ಹುಚ್ಚು ಅನ್ನಿ. ಆ ಹುಚ್ಚೇ ನನ್ನನ್ನು ಒಂದೂವರೆ ವರ್ಷ ನಿಲ್ಲಿಸಿತ್ತು.

ಭಕ್ತಿ ಹೆಚ್ಚಾದದ್ದು

ಮಷಿನ್ನು ಇದ್ದ ಜಾಗ ಮೊದಲು ನಮ್ಮ ಮಾವನವರ ಮಗ್ಗದ್ದು. ನೇಯುವವರು ಕಾಲು ಇಳಿಬಿಟ್ಟು ಕೂರುವ ಕುಣಿಯ ಮೇಲೆ ಚಪ್ಪಡಿ ಕಲ್ಲು ಹಾಸಿ, ಅದರ ಮೇಲೆ ಇವರು ಮಷಿನ್ನು ಕೂರಿಸಿದ್ದರು. ನಮ್ಮ ಅತ್ತೆಯ ಲೆಕ್ಕದಲ್ಲಿ ಮಗ್ಗ ಎಲ್ಲಿಗೂ ಹೋಗಿಲ್ಲ, ಬೇರೆ ರೂಪ ತಾಳಿದೆ ಅಷ್ಟೆ. ಆದ್ದರಿಂದ ಮಗ್ಗಕ್ಕೆ ಮಾಡುತ್ತಿದ್ದದ್ದನ್ನೆಲ್ಲ ಇದಕ್ಕೂ ಮಾಡುತ್ತಿದ್ದರು. ಬೆಳಿಗ್ಗೆ ಸ್ನಾನ ಮುಗಿಸಿ ಬಂದು ಮೂರು ಬೆರಳಿನಿಂದ ವಿಭೂತಿ ಎಳೆದು, ಊದುಬತ್ತಿ ಬೆಳಗುವುದು. ಅಮಾವಾಸ್ಯೆ ದಿನ ಮಗ್ಗ ನಡೆಸಬಾರದು, ಹಾಗಾಗಿ ಮಷಿನ್ನೂ ಬಂದ್.

ಊರಿನ ಟಿವಿಗಳು ಅಮಾವಾಸ್ಯೆ ಹುಣ್ಣಿಮೆ ಎಂದರೆ ಕೇಳುತ್ತವೆಯೇ? ಅಮಾವಾಸ್ಯೆ ಬಂತೆಂದರೆ ನಮ್ಮ ಮನೆಯವರು ಮಷಿನ್ನಿನ ಮುಂದಿನ ಹಸಿರು ದೀಪದ ಮೇಲೆ ಕಪ್ಪು ಟೇಪಿನ ಪಟ್ಟಿ ಅಂಟಿಸಿ, "ಯವ್ವಾ, ಬಂದ್ ಮಾಡೇನಿ ನೋಡು" ಎಂದು ಅತ್ತೆಯನ್ನು ಕರೆಯುತ್ತಿದ್ದರು. ಅತ್ತೆಗೆ ಕಿವಿ ಮಂದ, ಒಳಗಿನ ಫ್ಯಾನಿನ ಸದ್ದು ಅವರಿಗೆ ಕೇಳದು. ದೀಪ ಕಾಣದಿದ್ದರೆ ಮುಗಿಯಿತು, ಕೈಮುಗಿದು ಒಳಗೆ ಹೋಗುತ್ತಿದ್ದರು. ಇವರು ತೀರಿಕೊಂಡ ಮೇಲೆ ಆ ಪಟ್ಟಿ ಅಂಟಿಸುವ ಕೆಲಸವೂ ನನ್ನ ಪಾಲಿಗೆ ಬಂತು.

ಎರಡು ತಿಂಗಳ ಹಿಂದೆ ಮಷಿನ್ನು ಗೊರಗೊರ ಎನ್ನತೊಡಗಿತು. ಬಾಗಲಕೋಟೆಯ ಆ ಲೈನಿನವರ ಆಫೀಸಿನಿಂದ ರಿಪೇರಿಯವನನ್ನು ಕರೆಸಿದೆ. ಅವನು ಮುಚ್ಚಳ ಬಿಚ್ಚಿ, ಒಳಗೆ ಬೆರಳಾಡಿಸಿ, ಬೆರಳನ್ನು ಮೂಗಿಗೆ ಹಿಡಿದು ನೋಡಿ ಕೇಳಿದ, "ಅಕ್ಕಾರ, ಮನ್ಯಾಗ ಸಿಮೆಂಟ್ ಕೆಲಸ ನಡದಿತ್ತೇನ್ರಿ?"

"ಇಲ್ಲಪಾ. ಅದು ವಿಭೂತಿ."

"ವಿಭೂತಿ ಒಳಗ ಹೆಂಗ ಹೋತ್ರಿ?"

ಅವನ ಮುಖ ನೋಡಿಯೇ ಪ್ರಶ್ನೆ ಏನೆಂದು ತಿಳಿದುಕೊಂಡ ಅತ್ತೆ ಮೂಲೆಯಿಂದ ಹೆಮ್ಮೆಯಿಂದ ಹೇಳಿದರು, "ದಿನಾ ನಾ ಹಚ್ಚತೇನಿ. ಅದು ತಾನ ಒಳಗ ಎಳಕೋತೈತಿ. ಭಕ್ತಿ ಇರೂ ಮಷಿನ್ ಅದು."

ಅವನು ನನ್ನನ್ನು ಪಕ್ಕಕ್ಕೆ ಕರೆದ. "ಬೋರ್ಡ್ ಹೋಗೇತ್ರಿ ಅಕ್ಕಾರ. ಇನ್ನೆರಡು ತಿಂಗಳು ಉಸರಾಡಿದ್ರ ದೊಡ್ಡದು. ಹೊಸಾದೂ ತರೂದು ಬ್ಯಾಡ. ಈ ಕೆಲಸ ಮಾಡೂ ದೊಡ್ಡ ಮಷಿನ್ ಹೊರಗ ಅದಾವು. ಫೋನಿಗೆಲ್ಲ ನಾವು ಆಫೀಸಿನಿಂದನ ಹೊಸಾ ನಂಬರ್ ಕಳಸ್ತೇವಿ. ಟಿವಿ ಬಾಕ್ಸಿನ್ಯಾಗ ಮಾತ್ರ ಅಣ್ಣಾರು ಕೈಲೆ ಬರದಾರ. ನೀವ ಮನಿಮನಿಗೆ ಹೋಗಿ ಅದನ್ನ ಅಳಸಿ ಆ ದೊಡ್ಡ ಮಷಿನ್ ನಂಬರು, ಸಾಲಾಗಿ ನಾಕು ಎಂಟು, ಬರೀರಿ. ಎಲ್ಲಾ ಮುಗದ ಮ್ಯಾಲ ಇದನ್ನ ಆರಿಸಿಬಿಡ್ರಿ."

ಅಳಸಿ ಎಂದ, ಆರಿಸಿ ಎಂದ. ಅವನಿಗೇನು ಗೊತ್ತು. ಅವರು ಕೂತು ಬರೆದದ್ದನ್ನು ಊರ ತುಂಬ ನನ್ನ ಕೈಯಿಂದಲೇ ಅಳಿಸಬೇಕು, ಕೊನೆಗೆ ಅವರ ಮಷಿನ್ನನ್ನೂ ನಾನೇ ಆರಿಸಬೇಕು. ಅವನು ವಿಭೂತಿ ಮೆತ್ತಿದ ಬೆರಳನ್ನು ಪ್ಯಾಂಟಿಗೆ ಒರೆಸಿಕೊಳ್ಳಲು ಹೋಗಿ, ಅತ್ತೆ ಕಣ್ಣು ಬಿಟ್ಟುಕೊಂಡು ನೋಡುತ್ತಿರುವುದು ಕಂಡು, ಮೆಲ್ಲಗೆ ಹಣೆಗೆ ಹಚ್ಚಿಕೊಂಡ.

ನೂರು ಎಲ್ಲಿ?

ಮೊದಲ ದಿನ ಎರಡೇ ಮನೆ ಮಾಡಿದೆ. ಬೇಗ ಮುಗಿಸುವ ಆಸೆ ನನಗೆ ಇರಲಿಲ್ಲ. ಎರಡನೆಯದು ಹುನಗುಂದದಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಸಾವ್ಕಾರರ ಮನೆ. ನಾನು ರಿಮೋಟ್ ಒತ್ತುತ್ತಿದ್ದರೆ ಅವರು ಕನ್ನಡಕ ಏರಿಸಿಕೊಂಡು ಪಕ್ಕದಲ್ಲೇ ಕೂತರು.

"ಏನ್ ಬರಿಯಾಕ ಹತ್ತಿ, ತಂಗಿ?"

"ಎಂಟು ರೀ. ಎಂಟು, ಎಂಟು, ಎಂಟು, ಎಂಟು."

ಸಾವ್ಕಾರರು ಎದ್ದೇ ನಿಂತರು. "ಒಂದ ಎಂಟು ಅಂದ್ರ ಶನಿ. ನಾಕ್ ದಿಕ್ಕಿಗೂ ಶನಿ ಕುಂಡ್ರಿಸಿ ಹೋಗ್ತಿಯೇನು?"

"ನಂಬರ್ ಅದ ಐತ್ರಿ, ಸಾವ್ಕಾರ್ರ."

"ಹಂಗಾದ್ರ ಕೊನಿಗೊಂದು ಒಂದು ಹಚ್ಚು. ಮದವ್ಯಾಗ ಮುಯ್ಯಿ ಮಾಡೂಮುಂದ ಬರೇ ನೂರು ಕೊಡ್ತೇವೇನು? ಮ್ಯಾಲೊಂದು ಇಡ್ತೇವಿಲ್ಲ?"

ಇದು ಮನೆ ನಂಬರಿದ್ದ ಹಾಗೆ, ಮೇಲೊಂದು ಹಚ್ಚಿದರೆ ಬೇರೆ ಯಾರದೋ ಬಾಗಿಲು ಬಡಿದಂತಾಗುತ್ತದೆ ಎಂದು ತಿಳಿಸಿ ಹೇಳಿದೆ. ಹೂಂ ಎಂದರು. ಮರುದಿನ ಬೆಳಿಗ್ಗೆಯೇ ಫೋನು, ಟಿವಿ ನಿಂತಿದೆ. ಹೋಗಿ ನೋಡಿದರೆ ಕೊನೆಯ ಎಂಟರ ಪಕ್ಕ ಒಂದರ ಅಂಕಿ ಕೂತಿದೆ. "ನಾ ಹಚ್ಚಿದ್ದಲ್ಲ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಹಚ್ಚಿದ್ರ ತಪ್ಪೇನು?" ಎಂದರು. ಆಮೇಲೆ ಮುನಿಸಿಕೊಂಡ ದನಿಯಲ್ಲಿ ಹೇಳಿದರು, "ನಿನ್ನ ಗಂಡ ಹಿಂಗ ವಾದಾ ಮಾಡ್ತಿದ್ದಿಲ್ಲ. ಅವನೂ ಮೊದಲ ನೂರು ಅಂತ ಇಟ್ಟಿದ್ದ. ಬರೇ ನೂರು ನಮಗ ಆಗಿ ಬರೂದಿಲ್ಲೋ ಅಂದೆ. ಮರುದಿನ ಬಂದು, ನೂರಾ ಒಂದು ಮಾಡೇನ್ರಿ ಸಾವ್ಕಾರ್ರ ಅಂದ. ನನ್ನೊಬ್ಬನ ಸಲುವಾಗಿ ಮಷಿನ್ ನಂಬರ್‍ನ ಬದಲ ಮಾಡಿ, ಬರದು ಬಂದ ಮನಿಗೆಲ್ಲ ತಿರುಗಿ ಹೋಗಿ ತಿದ್ದಿದ."

ಆ ನಂಬರು ಯಾಕೆ ನೂರಾ ಒಂದು ಎಂದು ಇಷ್ಟು ವರ್ಷ ನಾನು ಕೇಳಿರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದರು. ಊಟಕ್ಕೆ ತಡವಾಗಿ ಬಂದ ಆ ದಿನಗಳಲ್ಲಿ ನಾನು ಬೈದದ್ದು ನೆನಪಾಯಿತು. ಹೊರಗೆ ಬಂದು ಬಾಗಲಕೋಟೆಗೆ ಫೋನ್ ಮಾಡಿ ಕೇಳಿದೆ. ನಾಲ್ಕು ಒಂದುಗಳ ನಂಬರೂ ಇದೆ, ಅದೂ ನಡೆಯುತ್ತದೆ ಎಂದ ರಿಪೇರಿಯವನು. ಒಳಗೆ ಹೋಗಿ ಎಂಟೆಲ್ಲ ಅಳಿಸಿ ಸಾಲಾಗಿ ನಾಲ್ಕು ಒಂದು ಬರೆದೆ. ಟಿವಿ ಬಂತು. ಈಗಲಾದರೂ ಖುಷಿಯಾದಾರು ಎಂದು ಅವರ ಮುಖ ನೋಡಿದೆ.

ಸಾವ್ಕಾರರು ಬಹಳ ಹೊತ್ತು ಪರದೆ ನೋಡಿ ಕೇಳಿದರು, "ಬರೇ ಮ್ಯಾಲಿನ ಒಂದ ಬರದೀಯಲ್ಲ ತಂಗಿ, ನೂರು ಎಲ್ಲಿ?"

ಶಾಸನ

ನಮ್ಮ ಓಣಿಯಲ್ಲಿ ಬಾಡಿಗೆಗಿದ್ದ ಒಬ್ಬ ಈಗ ಬಾದಾಮಿಯಲ್ಲಿ ಗೈಡ್. ಪ್ರವಾಸಿಗರಿಗೆ ಗುಹೆ ತೋರಿಸುತ್ತಾನೆ. ಇಳಕಲ್ಲು ಬಿಡುವಾಗ ಟಿವಿ ಬಾಕ್ಸನ್ನು ಟ್ರಂಕಿನಲ್ಲಿಟ್ಟುಕೊಂಡು ಹೋಗಿದ್ದವನು ಅದನ್ನು ಈಗ ತೆಗೆದು ಹಚ್ಚಿದ್ದಾನೆ. ವೈಫೈ ಸಿಕ್ಕರೂ ಟಿವಿ ಬರುತ್ತಿಲ್ಲ. ಎಲ್ಲಿಂದ ಬರಬೇಕು? ಬಾಕ್ಸು ಬಾದಾಮಿಯಲ್ಲಿ ಕೂತು ಇಳಕಲ್ಲಿನ ನಮ್ಮ ಮಷಿನ್ನನ್ನು ಕೇಳುತ್ತಿತ್ತು.

ಅವನು ಫೋನ್ ಮಾಡಿದ. "ವೈನಿ, ಅಣ್ಣಾರಿಗೆ ಕೊಡ್ರಿ ಫೋನು."

"ಅವರಿಲ್ಲ."

"ಎಷ್ಟೊತ್ತಿಗೆ ಬರ್ತಾರ್ರಿ?"

ಸುದ್ದಿ ಅವನಿಗೆ ಮುಟ್ಟಿರಲಿಲ್ಲ. "ನಾನ ಹೇಳ್ತೇನಿ, ರಿಮೋಟ್ ತಗೋ. ಈಗ ಏನು ಕಾಣತೈತಿ ಹೇಳು" ಎಂದೆ.

ಏನು ಕಾಣುತ್ತದೆ ಎಂದು ಅವನನ್ನು ಕೇಳಬಾರದಿತ್ತು. ಗಂಟಲು ಸರಿಮಾಡಿಕೊಂಡ, ಮನೆಮಾತು ಬಿಟ್ಟುಹೋಯಿತು. "ಈಗ ನಾವು ಮುಖ್ಯ ದ್ವಾರದಲ್ಲಿದ್ದೇವೆ. ತಮ್ಮ ಬಲಭಾಗದಲ್ಲಿ ಹಲ್ಲುಗಳುಳ್ಳ ಒಂದು ಸುಂದರವಾದ ಚಕ್ರವನ್ನು ಕಾಣಬಹುದು."

"ಅದ ಸೆಟ್ಟಿಂಗ್ಸ್. ಒತ್ತು."

"ಒಳಗೆ ಪ್ರವೇಶಿಸಿದ್ದೇವೆ. ಇಲ್ಲಿ ಮೇಲಿಂದ ಕೆಳಗೆ ಒಂಬತ್ತು ಅಂಕಣಗಳಿವೆ. ಐದನೆಯದರಲ್ಲಿ ಅರ್ಧಚಂದ್ರಾಕಾರದ ಮೂರು ಗೆರೆಗಳು."

"ಅದು ವೈಫೈ. ಅದನ್ನೂ ಒತ್ತು. ಕೆಳಗ ಹೋಗಿ ಡಿಎನ್‌ಎಸ್ ಅಂತ ಎಲ್ಲಿ ಐತಿ ನೋಡು."

"ಇಲ್ಲೊಂದು ಶಾಸನವಿದೆ. ನಾಲ್ಕು ಭಾಗಗಳುಳ್ಳ ಅಂಕಿ ಶಾಸನ, ಕೊನೆಯಲ್ಲಿ ನೂರಾ ಒಂದು ಎಂದಿದೆ. ಯಾರು ಬರೆಸಿದ್ದು ಎಂಬುದು ತಿಳಿದುಬಂದಿಲ್ಲ."

"ನಿಮ್ಮ ಅಣ್ಣಾರು ಬರದದ್ದಪಾ" ಎಂದೆ. ಆಮೇಲೆ ಹೇಳಿಯೇಬಿಟ್ಟೆ. "ಅವರು ಹೋಗಿ ಒಂದೂವರೆ ವರ್ಷ ಆತು."

ಗೈಡಿನ ದನಿ ಹೋಗಿ ಅವನ ಸ್ವಂತ ದನಿ ಬಂತು. "ವೈನಿ, ನಾ ಇದನ್ನ ಅಳಸೂದಿಲ್ಲ."

"ಅಳಸಪಾ. ಇಲ್ಲಂದ್ರ ಟಿವಿ ಬರೂದಿಲ್ಲ."

"ಬರದಿದ್ರ ಹೋತು. ಶಾಸನಕ್ಕ ಕೈ ಹಚ್ಚಬ್ಯಾಡ್ರಿ ಅಂತ ದಿನಾ ಮಂದಿಗೆ ಹೇಳಾವ ನಾನ, ಹೆಂಗ ಅಳಸ್ಲಿ?" ಎಂದು ಅಳತೊಡಗಿದ. ಸಂತೈಸಬೇಕಾದವಳು ನಾನೇ ಆದೆ. ಕಡೆಗೆ, ಒಂದು ಫೋಟೋನರ ತಗೋತೇನಿ ತಡೀರಿ ಎಂದ. ಫೋಟೋ ನನಗೂ ಬಂತು. ನಂಬರು ಚೊಕ್ಕವಾಗಿ ಮೂಡಿತ್ತು. ಗುಹೆಗೆ ಬಂದವರೆಲ್ಲ ಮಾಡುವ ಹಾಗೆ ಅದರ ಪಕ್ಕದಲ್ಲಿ, ಅತ್ತು ಕೆಂಪಾದ ಕಣ್ಣಿನಲ್ಲಿ, ಎರಡು ಬೆರಳೆತ್ತಿ ಅವನೂ ನಿಂತಿದ್ದ.

ಒಡಪು

ಕೆಲವು ಬಾಕ್ಸುಗಳದ್ದು ಒಂದು ತಕರಾರಿದೆ. ನಂಬರು ಬದಲಿಸಬೇಕೆಂದರೆ ವೈಫೈಯನ್ನು ಒಮ್ಮೆ ಮರೆಸಿ, ಪಾಸ್‌ವರ್ಡ್ ಹಾಕಿ ಹೊಸದಾಗಿ ಕೂಡಿಸಬೇಕು. ಇಳಕಲ್ಲಿನ ಒಂದು ನೇಕಾರರ ಮನೆಯಲ್ಲಿ ಇದೇ ಆಯಿತು. ಅಜ್ಜ ಹೊರಗೆ ಹೋಗಿದ್ದರು. ಮನೆಯಲ್ಲಿದ್ದವರು ಅಜ್ಜಿ ಮತ್ತು ಸೊಸೆ.

"ಅಮ್ಮಾ, ಪಾಸ್‌ವರ್ಡ್ ಏನ್ರಿ?"

"ಅವರ ಹೆಸರ ಇಟ್ಟು ಹೋಗ್ಯಾನಲ್ಲ ನಿನ್ನ ಗಂಡ. ಮರೀಬಾರದು ಅಂತ."

"ಚಲೋ ಆತು. ಏನು ಅಜ್ಜಾರ ಹೆಸರು?"

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಐವತ್ತು ವರ್ಷದ ಸಂಸಾರದಲ್ಲಿ ಗಂಡನ ಹೆಸರು ಹೇಳಿದವರಲ್ಲ. ಸೊಸೆಯ ಕಡೆ ತಿರುಗಿದೆ. "ಮಾವಾರ ಹೆಸರು ನಾ ಹೆಂಗ ಹೇಳ್ಲಿ ಅಕ್ಕಾ?" ಎಂದಳು. ಕರೆಂಟ್ ಬಿಲ್ ತೋರಿಸಿ ಎಂದೆ. ತಂದರು. ಅದು ಇನ್ನೂ ಅಜ್ಜನ ಅಪ್ಪನ ಹೆಸರಿನಲ್ಲಿತ್ತು.

ಕಡೆಗೆ ಸೊಸೆಯೇ ಉಪಾಯ ಹೇಳಿದಳು, "ಅತ್ತಿ, ಒಡಪು ಹೇಳ್ರಿ." ಮದುವೆಯಲ್ಲಿ ಹೆಸರು ಹೇಳು ಎಂದು ಕಾಡಿಸಿದಾಗ ಹೆಣ್ಣುಮಕ್ಕಳು ಹಾಡಿನಂಥ ಮಾತು ಕಟ್ಟಿ, ಅದರೊಳಗೆ ಗಂಡನ ಹೆಸರು ಸಿಕ್ಕಿಸಿ ಹೇಳುವುದೇ ಒಡಪು. ಹಾಗೆ ಹೇಳಿದರೆ ದೋಷವಿಲ್ಲ. ಅಜ್ಜಿ ಎದ್ದು ಸೆರಗು ಸರಿಮಾಡಿಕೊಂಡು, ಹಣೆಗೆ ಕುಂಕುಮ ತೀಡಿಕೊಂಡು, ಟಿವಿಯ ಮುಂದೆ ಮದುಮಗಳ ಹಾಗೆ ನಿಂತರು.

"ಕರಿ ಸೀರಿ ಮೈಗೆ ಕೆಂಪ ಸೆರಗ ಚೆಂದ, ಸೆರಗಿನ ತುದಿಗೆ ಗೊಂಡೆದ ಸಾಲ ಚೆಂದ, ಹಣಿಯ ಮ್ಯಾಲಿನ ಕುಂಕುಮಕ್ಕ..." ಎಂದು ಹೆಸರು ಹೇಳಿ, "ಅವರ ಹೆಸರ ಚೆಂದ" ಎಂದು ಮುಗಿಸಿದರು. ಆ ಹೆಸರನ್ನು ನಾನು ಇಲ್ಲಿ ಬರೆಯುವಂತಿಲ್ಲ, ಪಾಸ್‌ವರ್ಡ್ ಅಲ್ಲವೇ? ಹಾಕಿದೆ, ಟಿವಿ ಬಂತು. ಮೂವರೂ ಚಪ್ಪಾಳೆ ತಟ್ಟಿದೆವು. ಅಜ್ಜಿ ಹುರುಪಿನಲ್ಲಿ ನನ್ನ ಕಡೆ ಬೆರಳು ಮಾಡಿ, "ಈಗ ನೀ ಹೇಳು ನಿನ್ನ ಗಂಡನ ಹೆಸರು" ಎಂದರು. ಮಾತು ಮುಗಿಯುವಷ್ಟರಲ್ಲಿ ಅವರ ಮುಖ ಬಿಳಿಚಿಕೊಂಡಿತು.

ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನನಗೆ ನನ್ನ ತಾಯಿ ಹೇಳಿಕೊಟ್ಟಿದ್ದಳು. ಇಪ್ಪತ್ತೆರಡು ವರ್ಷ ನಾನು ಹೇಳಲಿಲ್ಲ. ಸಿಟ್ಟಿನಲ್ಲೂ ಹೇಳಲಿಲ್ಲ, ದವಾಖಾನೆಯಲ್ಲಿ ಚೀಟಿ ಬರೆಸುವಾಗಲೂ ಪಕ್ಕದವರಿಂದ ಹೇಳಿಸಿದೆ. ಹೇಳದೆಯೂ ಹೋದರು. ಇನ್ನು ಹೇಳಿದರೆ ಕಡಿಮೆಯಾಗುವುದಕ್ಕೆ ಉಳಿದದ್ದಾದರೂ ಏನು? ನಾನು ಒಡಪು ಕಟ್ಟಲಿಲ್ಲ. ಬರೀ ಹೆಸರು ಹೇಳಿದೆ, ಗಟ್ಟಿಯಾಗಿ, ಮೊದಲ ಸಲ. ನನ್ನ ಕಿವಿಗೇ ಅದು ಯಾರದೋ ಹೆಸರಿನಂತೆ ಕೇಳಿಸಿತು. ಅಜ್ಜಿ ನನ್ನನ್ನು ಎದೆಗೆ ಒತ್ತಿಕೊಂಡರು. ಸೊಸೆ ನೀರು ತರುವ ನೆಪ ಮಾಡಿ ಒಳಗೆ ಹೋದಳು.

ಮರುದಿನ ಅಜ್ಜಿಯ ಫೋನ್ ಬಂತು. "ತಂಗಿ, ಆ ಪಾಸ್‌ವರ್ಡ್ ತಗದು ನನ್ನ ಹೆಸರು ಇಡಬೇ. ಐವತ್ತು ವರ್ಷ ಆತು, ಈ ಮನಷ್ಯಾ ನನ್ನ ‘ಏಯ್’ ಅಂತ ಬಿಟ್ರ ಬ್ಯಾರೆ ಏನೂ ಕರದಿಲ್ಲ. ಟಿವಿ ಸಲುವಾಗಿನರ ಒಂದ ಸಲ ನನ್ನ ಹೆಸರು ಹೇಳ್ಲಿ."

ಕ್ರಿಕೆಟ್ ಬಾರದ ಓಣಿ

ಹುನಗುಂದದಲ್ಲಿ ಒಬ್ಬರು ಗಣಿತದ ಮಾಸ್ತರರು. ಅವರ ಬಾಕ್ಸಿಗೆ ನಾಲ್ಕು ಎಂಟು ಬರೆದು ನೆಟ್ ಸರಿ ಇದೆಯೇ ಎಂದು ನೋಡಲು ಕಂಡಿದ್ದನ್ನು ಒತ್ತಿದೆ. ಕ್ರಿಕೆಟ್ ಬಂತು. ಮಾಸ್ತರರು ಕುರ್ಚಿಯಿಂದ ಪುಟಿದೆದ್ದರು.

"ಇದು ಬರ್ತೈತೇನು? ನಮ್ಮ ಓಣಿ ಲೈನ್ ಹಳೇದು, ಕ್ರಿಕೆಟ್ ಬರೂದಿಲ್ಲ ಅಂತ ನಿಮ್ಮನಿಯವರು ಹೇಳಿದ್ರಲ್ಲ? ಮೂರು ವರ್ಷದಿಂದ ನಾ ಸಾಲ್ಯಾಗ ಎಲ್ಲಾರಿಗೂ ಅದ ಹೇಳೇನಿ!"

ಒಳಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ನನ್ನತ್ತ ನೋಡಿದ ನೋಟಕ್ಕೆ ಹಾಲು ಒಡೆಯಬೇಕು. ಅಡುಗೆಮನೆಗೆ ಕರೆದು, ದನಿ ತಗ್ಗಿಸಿ ಹೇಳಿದರು. ಮಾಸ್ತರರಿಗೆ ಹೃದಯದ ತೊಂದರೆ ಇದೆ. ಆಟ ನೋಡುತ್ತ ಕೂಗಾಡಬಾರದೆಂದು ಡಾಕ್ಟರು ಹೇಳಿದರೂ ಕೇಳುತ್ತಿರಲಿಲ್ಲ. "ನಿಮ್ಮನಿಯವರಿಗೆ ಕೈಮುಗದು ಹೇಳಿದೆ. ಅವರ ಮಷಿನ್ಯಾಗ ನಮ್ಮ ಮನಿಗಷ್ಟ ಕ್ರಿಕೆಟ್ ದಾರಿ ಮುಚ್ಚಿಬಿಟ್ರು. ಮೂರು ವರ್ಷ ನಾ ಆರಾಮ ನಿದ್ದಿ ಮಾಡೇನಿ."

ಮಂದಿಯ ಎದೆಗೆ ಕಾವಲು ಕೂತ ಮನುಷ್ಯ ತನ್ನ ಎದೆ ನೋವನ್ನು ಗ್ಯಾಸ್ ಎಂದು ತಿಂಗಳುಗಟ್ಟಲೆ ತಳ್ಳಿಹಾಕಿದ್ದರು. ಆ ಅಡುಗೆಮನೆಯಲ್ಲಿ ನಿಂತು ನನಗೆ ಅವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಎದುರಿಗಿದ್ದಿದ್ದರೆ ಜಗಳವೇ ಆಡುತ್ತಿದ್ದೆ. ಇಲ್ಲವಲ್ಲ, ಹೀಗಾಗಿ ಅತ್ತುಬಿಟ್ಟೆ. ಆಮೇಲೆ ಮೂಗು ಒರೆಸಿಕೊಂಡು ಆಕೆಗೆ ಸೆಟ್ಟಿಂಗ್ಸ್ ತೋರಿಸಿಕೊಟ್ಟೆ. ಒಂದು ಎಂಟು ತೆಗೆದರೆ ನೆಟ್ ಹೋಗುತ್ತದೆ, ತಿರುಗಿ ಹಾಕಿದರೆ ಬರುತ್ತದೆ.

ಈಗ ಭಾರತ ಸೋಲುವ ಹೊತ್ತಿಗೆ ಸರಿಯಾಗಿ ಅವರ ಮನೆಯಲ್ಲಿ ನೆಟ್ ಹೋಗುತ್ತದೆ. ಮಾಸ್ತರರು ಫೋನ್ ಮಾಡಿ, ಇದು ಆಗುವ ಸಾಧ್ಯತೆ ಎಷ್ಟೆಂದು ಲೆಕ್ಕ ಹಾಕಿ ನನಗೆ ಬೈಯುತ್ತಾರೆ.

ಕೊನೆಯ ಮನೆ

ಎಷ್ಟು ಎಳೆದರೂ ಕೆಲಸ ಮುಗಿಯಲೇಬೇಕಿತ್ತು. ಹೋದ ವಾರ ಬಾಗಲಕೋಟೆಯ ರಿಪೇರಿಯವನು ಫೋನ್ ಮಾಡಿ, ಇನ್ನೆಷ್ಟು ಮನೆ ಉಳಿದಿವೆ ಎಂದು ಕೇಳಿದ. ಒಂದು ಎಂದೆ. ಯಾರದು ಎಂದ. ನಮ್ಮದು ಎಂದೆ. ಅವನು ಮತ್ತೇನೂ ಕೇಳದೆ ಫೋನಿಟ್ಟ.

ಅವತ್ತು ಅಮಾವಾಸ್ಯೆ. ದೀಪಕ್ಕೆ ಪಟ್ಟಿ ಅಂಟಿಸಲು ಬೆಳಿಗ್ಗೆ ಮರೆತಿದ್ದೆ. ಮಧ್ಯಾಹ್ನ ಊಟವಾದ ಮೇಲೆ ರಿಮೋಟ್ ಹಿಡಿದು ಟಿವಿಯ ಮುಂದೆ ಕೂತೆ. ಬೆನ್ನ ಹಿಂದೆ ಮಷಿನ್ನು ಗೊರಗೊರ ಎನ್ನುತ್ತಿತ್ತು. ಮಗ್ಗದ ಚಪ್ಪಡಿಯ ಪಕ್ಕ ಅತ್ತೆ ಗೋಡೆಗೊರಗಿ ಕೂತಿದ್ದರು. ಅಳಿಸುವ ಮುಂಚೆ ಒಂದು ಸಲ ಕಣ್ತುಂಬ ನೋಡೋಣವೆಂದು ಸೆಟ್ಟಿಂಗ್ಸ್ ತೆರೆದೆ.

ಅಲ್ಲಿ ನೂರಾ ಒಂದು ಇರಲಿಲ್ಲ. ಎಂಟು, ಎಂಟು, ಎಂಟು, ಎಂಟು.

ನಾನು ಬರೆದದ್ದಲ್ಲ. ಬಾಗಲಕೋಟೆಯವನು ನಮ್ಮ ಟಿವಿಯನ್ನು ಮುಟ್ಟಿಯೂ ಇಲ್ಲ. ಮತ್ತೆ ಯಾರು ಬರೆದದ್ದು ಎಂದು ಯೋಚಿಸುತ್ತಿದ್ದಾಗ ನೆನಪಾಯಿತು. ಆರೇಳು ವರ್ಷದ ಹಿಂದೆ, ನನ್ನ ಧಾರಾವಾಹಿಯಲ್ಲಿ ತಾಳಿ ಕಟ್ಟುವ ಹೊತ್ತಿಗೆ ಟಿವಿ ನಿಂತಿತ್ತು. ಮಷಿನ್ನು ಕೈಕೊಟ್ಟಿತ್ತು. ನಾನು ಸಿಟ್ಟಿನಲ್ಲಿ ರೊಟ್ಟಿ ಬಡಿಯುವುದನ್ನೇ ಬಿಟ್ಟು ಎದ್ದು ಹೋಗಿದ್ದೆ. ಅವರು ಟಿವಿಯ ಮುಂದೆ ಹತ್ತು ನಿಮಿಷ ಕೂತು ಏನೋ ಮಾಡಿ, "ಇನ್ನ ನಿಂದು ಯಾವತ್ತೂ ನಿಲ್ಲೂದಿಲ್ಲ, ಏಳು" ಎಂದಿದ್ದರು. ಅವತ್ತಿನಿಂದ ನಿಜವಾಗಿಯೂ ನಿಲ್ಲಲಿಲ್ಲ. "ನಿಮ್ಮ ಮಷಿನ್ ಭಾರಿ ಚಲೋ ಐತಿ ಬಿಡ್ರಿ" ಎಂದು ನಾನು ಹೊಗಳಿದಾಗಲೆಲ್ಲ ಮೀಸೆಯಲ್ಲೇ ನಗುತ್ತಿದ್ದರು.

ಊರಿಗೆಲ್ಲ ತಮ್ಮ ಮಷಿನ್ನು. ಹೆಂಡತಿಗೆ ಮಾತ್ರ ಮಂದಿಯ ಮಷಿನ್ನು! ಒಂದೂವರೆ ವರ್ಷ ದಿನಾ ಸಂಜೆ ಕೈಮುಗಿಯುವ ಹಾಗೆ ಟಿವಿಯ ಮುಂದೆ ಕೂತು, ನನಗೆ ಅವರೇ ತೋರಿಸಿದರು ಎಂದು ಕಣ್ಣೀರು ಹಾಕಿದ್ದೆಲ್ಲ ಯಾವುದೋ ದೇಶದ ಮಷಿನ್ನಿಗೆ ಹೋಯಿತು. ನನಗೆ ನಗು ಬಂತು. ತಡೆಯಲು ಹೋದಷ್ಟೂ ಹೆಚ್ಚಾಯಿತು. ನಕ್ಕು ನಕ್ಕು ನೆಲಕ್ಕೆ ಬಿದ್ದೆ. ಯಾವಾಗ ಅಳು ಶುರುವಾಯಿತೋ ನನಗೇ ತಿಳಿಯಲಿಲ್ಲ.

ಅತ್ತೆ ಗಾಬರಿಯಾಗಿ ತೆವಳಿಕೊಂಡು ಬಂದರು. "ಏನಾತಬೇ ಯವ್ವಾ?" ಅವರ ಕಿವಿಯ ಹತ್ತಿರ ಬಾಯಿಟ್ಟು ಎಲ್ಲ ಹೇಳಿದೆ. ನಿಮ್ಮ ಮಗ ನನ್ನ ಟಿವಿಗೆ ತನ್ನ ಮಷಿನ್ನನ್ನೇ ಹಚ್ಚಿರಲಿಲ್ಲ ಎಂದು ದೂರು ಕೊಟ್ಟೆ.

ಅತ್ತೆ ನನ್ನ ತಲೆ ಸವರಿದರು. "ನಿಮ್ಮ ಮಾವನೂ ಹಿಂಗ ಇದ್ರು. ಊರಿಗೆಲ್ಲ ತಮ್ಮ ಮಗ್ಗದ ಸೀರಿ. ನನಗ ಮಾತ್ರ ಬ್ಯಾರೆಯವರ ಮಗ್ಗದ್ದು ತರ್ತಿದ್ರು. ಒಮ್ಮೆ ಕೇಳೇಬಿಟ್ಟೆ. ‘ನಾ ನೇಯ್ದದ್ರಾಗ ಎಲ್ಲಿ ಎಳಿ ತಪ್ಪೇತಿ ನನಗ ಗೊತ್ತಿರತೈತಿ. ಅಂಥಾದ್ದು ನಿನ್ನ ಮೈಮ್ಯಾಲ ನೋಡಾಕ ಆಗೂದಿಲ್ಲ’ ಅಂದ್ರು. ಅಪ್ಪನ ಮಗ ಅವ."

ಆಮೇಲೆ ನಾನು ಎದ್ದು ಹೋಗಿ ಮಷಿನ್ನಿನ ಗುಂಡಿ ಒತ್ತಿ ಹಿಡಿದೆ. ಗೊರಗೊರ ನಿಂತಿತು. ಹಸಿರು ದೀಪ ಆರಿತು. ಟಿವಿ ಮಾತ್ರ ತನ್ನ ಪಾಡಿಗೆ ನಡೆಯುತ್ತಿತ್ತು. ಅವರು ಹೇಳಿದ ಹಾಗೆಯೇ ನನ್ನದು ನಿಲ್ಲಲಿಲ್ಲ.

ಅತ್ತೆ ಕಲ್ಲಿನ ಮೇಲೆ ಕೈಯೂರಿ ಬಗ್ಗಿದರು. ಆರಿದ ದೀಪವನ್ನು ಉಗುರಿನಿಂದ ಕೆರೆದು ನೋಡಿದರು. ಇನ್ನೊಮ್ಮೆ ಕೆರೆದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, "ಇವತ್ತು ಪಟ್ಟಿ ಹಚ್ಚಿಲ್ಲಲ್ಲಾ? ಈ ಅಮಾಸಿಗಿ ಖರೇನ ಬಂದ್ ಮಾಡೀಯೇನು?"